ಬಂಡೆಗಳ ಹೊಳೆ ಹಿಡಿದು ಜಲಪಾತದವರೆಗೆ: ಚಾರಣಿಗರಿಗೊಂದು ಕೈಪಿಡಿ

ಹೊಳೆಯ ಜಾಡು ಹಿಡಿದು ಜಲಪಾತಕ್ಕೆ ಹೋಗುವುದು ಮೇಲ್ನೋಟಕ್ಕೆ ಸರಳವಾದ ಚಾರಣ. ನೀರು ಬರುವ ದಿಕ್ಕಿಗೆ ಎದುರಾಗಿ ನಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಜಲಪಾತ ಸಿಗಲೇಬೇಕು, ಶಿಖರ ಏರುವ ಏದುಸಿರೂ ಇಲ್ಲ. ಆದರೆ ಬೆಟ್ಟದ ದಾರಿಗೂ ಹೊಳೆಯ ದಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬೆಟ್ಟದ ದಾರಿ ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹೊಳೆಯ ದಾರಿಯಾದರೋ ನಾವು ಅದರ ಮೇಲಿರುವಾಗಲೇ ಬದಲಾಗುತ್ತದೆ: ಹೋಗುವಾಗ ಒಣಗಿದ್ದ ಬಂಡೆ ಬರುವಾಗ ನೆನೆದಿರುತ್ತದೆ, ಹೋಗುವಾಗ ಮೊಣಕಾಲಿನ ಕೆಳಗಿದ್ದ ನೀರು ಬರುವಾಗ ಸೊಂಟಕ್ಕೆ ಬಂದಿರುತ್ತದೆ. ಆದ್ದರಿಂದ ಇಲ್ಲಿ ಬೇಕಾಗುವುದು ತೋಳ್ಬಲಕ್ಕಿಂತ ಹೆಚ್ಚಾಗಿ ನೀರನ್ನೂ ಕಲ್ಲನ್ನೂ ಗಮನಿಸುವ ಅಭ್ಯಾಸ. ಈ ಬರಹದ ಬಹುಪಾಲು ಅದರ ಕುರಿತೇ ಇದೆ.

ಮೊದಲು ಕಾಲದ ಆಯ್ಕೆ. ಉಷ್ಣವಲಯದ ಜಲಪಾತಗಳು ಮಳೆಗಾಲದಲ್ಲಿ ತುಂಬಿ ಧುಮ್ಮಿಕ್ಕುತ್ತವೆ, ಬೇಸಿಗೆಯ ಕೊನೆಗೆ ಬರಿಯ ಬಿಳಿ ಗೆರೆಯಾಗುತ್ತವೆ. ವೆನೆಜುವೆಲಾದ 979 ಮೀಟರ್ ಎತ್ತರದ ಏಂಜೆಲ್ ಜಲಪಾತಕ್ಕೆ ಪ್ರವಾಸಿಗರು ದೋಣಿಯಲ್ಲಿ ಹೋಗುವುದು ಮಳೆಗಾಲದ ತಿಂಗಳುಗಳಲ್ಲಿ, ಏಕೆಂದರೆ ಒಣ ತಿಂಗಳುಗಳಲ್ಲಿ ದೋಣಿ ಸಾಗುವಷ್ಟು ನೀರು ನದಿಯಲ್ಲಿ ಇರುವುದಿಲ್ಲ. ನಡೆದು ಹೋಗುವವರ ಲೆಕ್ಕ ಇದಕ್ಕೆ ತಿರುಗುಮುರುಗು. ಮಳೆ ನಿಂತು ಕೆಲವು ವಾರ ಕಳೆದು, ಹೊಳೆಯ ನೀರು ತಿಳಿಯಾಗಿ, ಪಾತ್ರದ ಅಂಚಿನ ಬಂಡೆಗಳು ಬಿಸಿಲು ಕಂಡ ಮೇಲೆ ಹೊರಡುವುದು ಒಳ್ಳೆಯದು. ಜಲಪಾತದಲ್ಲಿ ಆಗಲೂ ಸಾಕಷ್ಟು ನೀರಿರುತ್ತದೆ. ತುಂಬು ಮಳೆಗಾಲದ ಜಲಪಾತವನ್ನೇ ನೋಡಬೇಕೆಂಬ ಆಸೆ ಇದ್ದವರು ಅದನ್ನು ದೂರದ ದಿಬ್ಬದಿಂದ ನೋಡುವುದೇ ಸರಿ. ಹೊಳೆಯೊಳಗಿನ ನಡಿಗೆ ಆ ಕಾಲದ್ದಲ್ಲ.

ದೂರದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಕಿಲೋಮೀಟರನ್ನು ನೋಡಿ ಸಮಯವನ್ನು ಅಂದಾಜು ಮಾಡುವುದು. ಹವಾಯಿಯ ಕವಾಯಿ ದ್ವೀಪದಲ್ಲಿರುವ ಹನಕಪಿಯಾಯಿ ಜಲಪಾತಕ್ಕೆ ಒಂದು ಕಡೆಗೆ ಸುಮಾರು 6.5 ಕಿಲೋಮೀಟರ್ ನಡಿಗೆ. ಅದರಲ್ಲಿ ಮೊದಲರ್ಧ ಕಡಲಂಚಿನ ಕಾಲುದಾರಿ, ಉಳಿದರ್ಧ ಹೊಳೆಯ ಪಕ್ಕದ, ಅಲ್ಲಲ್ಲಿ ಹೊಳೆಯನ್ನೇ ದಾಟುವ ದಾರಿ. ಹೋಗಿ ಬರುವ 13 ಕಿಲೋಮೀಟರನ್ನು ಸಮತಟ್ಟಾದ ರಸ್ತೆಯಲ್ಲಿ ಮೂರು ಗಂಟೆಯೊಳಗೆ ನಡೆದುಬಿಡಬಹುದು, ಆದರೆ ಅಲ್ಲಿ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಕಾಲುದಾರಿಯೇ ಇಲ್ಲದೆ ಬಂಡೆಯಿಂದ ಬಂಡೆಗೆ ಹೆಜ್ಜೆ ಇಡುತ್ತಾ ಹೋಗಬೇಕಾದ ಕಡೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೂ ಒಳ್ಳೆಯ ವೇಗವೆಂದೇ ಎಣಿಸಬೇಕು. ಇಳಿಮುಖವಾಗಿ ಬರುವಾಗ ಬೇಗ ಬರಬಹುದು ಎಂಬ ನಂಬಿಕೆಯೂ ಬೇಡ. ದೊಡ್ಡ ಬಂಡೆಯನ್ನು ಹತ್ತುವಾಗ ಕೈಗೂ ಕಣ್ಣಿಗೂ ಹಿಡಿತ ಎದುರಿಗೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ, ಮಂಡಿ ಬೇರೆ ದಣಿದಿರುತ್ತದೆ.

ಹಾಗಾಗಿ ಹಿಂತಿರುಗುವ ಸಮಯವನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಹೊರಟ ಹೊತ್ತಿನಿಂದ ಸೂರ್ಯಾಸ್ತದವರೆಗೆ ಎಷ್ಟು ಗಂಟೆ ಎಂದು ಎಣಿಸಿ, ಅದರಲ್ಲಿ ಎರಡು ಗಂಟೆಯನ್ನು ಆಪತ್ತಿಗೆಂದು ತೆಗೆದಿರಿಸಿ, ಮಿಕ್ಕಿದ್ದನ್ನು ಎರಡು ಪಾಲು ಮಾಡಿ. ಬೆಳಿಗ್ಗೆ 7ಕ್ಕೆ ಹೊರಟು ಸಂಜೆ 6ಕ್ಕೆ ಸೂರ್ಯ ಮುಳುಗುವುದಾದರೆ ಹನ್ನೊಂದು ಗಂಟೆ. ಎರಡು ಕಳೆದರೆ ಒಂಬತ್ತು. ಅದರ ಅರ್ಧ ನಾಲ್ಕೂವರೆ. ಅಂದರೆ 11.30ಕ್ಕೆ ಎಲ್ಲಿರುತ್ತೀರೋ ಅಲ್ಲಿಂದ ಹಿಂತಿರುಗಬೇಕು, ಜಲಪಾತದ ಸದ್ದು ಕೇಳಿಸುತ್ತಿದ್ದರೂ ಸರಿ. ಈ ಲೆಕ್ಕ ಅತಿ ಎಚ್ಚರಿಕೆಯದು ಎನಿಸಬಹುದು. ಆದರೆ ಸಮಭಾಜಕ ವೃತ್ತದ ಸಮೀಪ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುವುದರಿಂದ ಮುಸ್ಸಂಜೆಯ ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಮತ್ತು ಎತ್ತರದ ಮರಗಳಿರುವ ಕಡಿದಾದ ಕಮರಿಯೊಳಗೆ ಅದಕ್ಕೂ ಬಹಳ ಮೊದಲೇ ಕಲ್ಲಿನ ಅಂಚು ಕಾಣದಂತಾಗುತ್ತದೆ. ಬೇಗ ಹೊರಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಉಷ್ಣವಲಯದ ಬೆಟ್ಟಸೀಮೆಯಲ್ಲಿ ಗುಡುಗುಮಳೆ ಬಹುತೇಕ ಮಧ್ಯಾಹ್ನದ ನಂತರದ್ದು. ಬೆಳಗಿನ ಬಿಸಿಲಿಗೆ ಕಾದ ತೇವದ ಗಾಳಿ ಬೆಟ್ಟದ ಮೈಯೇರಿ ಮೋಡಗಟ್ಟಲು ಅಷ್ಟು ಹೊತ್ತು ಬೇಕು.

ಜೊತೆಗೆ ಒಯ್ಯುವುದು

ಪಾದರಕ್ಷೆಯ ವಿಷಯದಲ್ಲಿ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಉಳಿದವು ಯಾವ ಚಾರಣಕ್ಕೂ ಒಂದೇ. ನೀರು ಒಳಹೋಗದ ಬೂಟು ಹೊಳೆಯ ನಡಿಗೆಗೆ ಕೆಟ್ಟ ಆಯ್ಕೆ, ಏಕೆಂದರೆ ಒಮ್ಮೆ ಮೇಲಿನಿಂದ ನೀರು ತುಂಬಿದರೆ ಅದು ಹೊರಗೂ ಹೋಗುವುದಿಲ್ಲ. ನೀರು ಸಲೀಸಾಗಿ ಸೋರಿಹೋಗುವ, ಬೆರಳ ತುದಿ ಪೂರ್ತಿ ಮುಚ್ಚುವ, ಅಡಿಭಾಗದ ರಬ್ಬರು ಮೆದುವಾಗಿರುವ ಶೂ ಬೇಕು. ಗಡುಸಾದ ಪ್ಲಾಸ್ಟಿಕ್ ಅಡಿಯ ಶೂ ಒದ್ದೆ ಬಂಡೆಯ ಮೇಲೆ ನಿಲ್ಲುವುದೇ ಇಲ್ಲ. ತೆರೆದ ಚಪ್ಪಲಿಯಲ್ಲಿ ಹೋದರೆ ಕಲ್ಲಿನ ಸಂದಿಗೆ ಸಿಕ್ಕ ಬೆರಳಿನ ಉಗುರು ಕೀಳುವುದು ಖಚಿತ. ಒಣ ಕಾಲುಚೀಲದ ಇನ್ನೊಂದು ಜೊತೆ ಚೀಲದಲ್ಲಿರಲಿ. ದಿನವಿಡೀ ನೆನೆದ ಅಂಗಾಲಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಮಡಿಕೆ ಬೀಳುತ್ತದೆ, ಆಮೇಲೆ ಸಣ್ಣ ಮರಳಿನ ಕಣವೂ ಅದನ್ನು ಸುಲಿಯುತ್ತದೆ. ಊಟಕ್ಕೆ ಕೂತಾಗ ಕಾಲನ್ನು ಗಾಳಿಗೆ ಬಿಟ್ಟು ಆರಿಸಿ, ಕಾಲುಚೀಲ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಹಿಂದಿರುಗುವ ನಡಿಗೆಯ ಸುಖದುಃಖವೆಲ್ಲ ಅದರ ಮೇಲೆ ನಿಂತಿದೆ.

ಎದೆಯೆತ್ತರದ ಗಟ್ಟಿ ಊರುಗೋಲು, ತಲೆಗೆ ಕಟ್ಟುವ ಟಾರ್ಚು, ಶಿಳ್ಳೆ, ಗಾಯಕ್ಕೆ ಕಟ್ಟುವ ಬಟ್ಟೆ ಮತ್ತು ಔಷಧ, ಒಂದು ಹೊತ್ತಿಗಿಂತ ಹೆಚ್ಚಿನ ಆಹಾರ ಇರಲಿ. ಬೆನ್ನುಚೀಲದೊಳಗಿನ ವಸ್ತುಗಳನ್ನೆಲ್ಲ ಗಾಳಿ ಸಮೇತ ಬಿಗಿಯಾಗಿ ಕಟ್ಟಿದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅವು ನೆನೆಯುವುದಿಲ್ಲ, ಬಿದ್ದಾಗ ಬೆನ್ನುಚೀಲ ತೇಲುತ್ತದೆ ಕೂಡ. ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬಾರದು. ಕೈಯಲ್ಲಿ ಹಿಡಿಯುವ ಸಾಮಾನ್ಯ ಫಿಲ್ಟರುಗಳು ಬ್ಯಾಕ್ಟೀರಿಯಾವನ್ನು ತಡೆಯುತ್ತವೆಯೇ ಹೊರತು ವೈರಸ್ಸನ್ನಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಎರಡೂ ಸಾಯುತ್ತವೆ. ಮೊಬೈಲನ್ನು ದಾರಿ ತೋರಿಸುವ ಸಾಧನವೆಂದು ನಂಬಿ ಹೋಗಬೇಡಿ. ಕಮರಿಯೊಳಗೆ ಸಿಗ್ನಲ್ ಇರುವುದಿಲ್ಲ, ಆಕಾಶದ ಸಣ್ಣ ಪಟ್ಟಿ ಮಾತ್ರ ಕಾಣುವುದರಿಂದ ಜಿಪಿಎಸ್ ನಮ್ಮನ್ನು ಪಕ್ಕದ ಗುಡ್ಡದ ಮೇಲೆ ನಿಲ್ಲಿಸಿಬಿಡುತ್ತದೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಬೇಕು ಎಂಬುದನ್ನು ಮನೆಯಲ್ಲಿರುವ ಒಬ್ಬರಿಗಾದರೂ ಹೇಳಿ ಹೊರಡಿ. ಪ್ರವೇಶಕ್ಕೆ ಅನುಮತಿ ಬೇಕಾದ ಕಾಡಾದರೆ ಅದನ್ನು ಪಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಲ್ಲನ್ನು ನೋಡುವ ಬಗೆ

ಹೊಳೆಯ ಬಂಡೆಗಳೆಲ್ಲ ಒಂದೇ ಬಗೆಯವಲ್ಲ, ಬಣ್ಣವೇ ಅವುಗಳ ಮೊದಲ ಗುರುತು. ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದು ಬೂದು ಬಣ್ಣಕ್ಕೆ ತಿರುಗಿದ, ಮೈ ಒರಟಾದ, ಕಲ್ಲುಹೂವಿನ ಒಣ ಮಚ್ಚೆಗಳಿರುವ ಬಂಡೆ ಸಾಮಾನ್ಯವಾಗಿ ಕಾಲನ್ನು ಹಿಡಿದುಕೊಳ್ಳುತ್ತದೆ. ನೀರಂಚಿನಲ್ಲಿ ಕಪ್ಪಗೆ ಅಥವಾ ಕಂದುಗಪ್ಪಾಗಿ ಹೊಳೆಯುವ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿಯ ಲೋಳೆ ಇರುತ್ತದೆ. ಹಸಿರಾಗಿ ಕಾಣುವ ಪಾಚಿಗೆ ಎಲ್ಲರೂ ಹೆದರುತ್ತಾರೆ. ಹೆಚ್ಚು ಜನ ಜಾರುವುದು ಈ ಕಪ್ಪು ಲೋಳೆಯ ಮೇಲೆ. ಅನುಮಾನವಿದ್ದರೆ ಭಾರ ಹಾಕುವ ಮೊದಲು ಶೂವಿನ ತುದಿಯಿಂದ ಒಮ್ಮೆ ಉಜ್ಜಿ ನೋಡಿ. ಉಜ್ಜಿದಾಗ ಕರಕರ ಎಂದರೆ ನಿಲ್ಲಬಹುದು, ಸದ್ದಿಲ್ಲದೆ ಸರಿದರೆ ಬೇರೆ ಕಲ್ಲು ನೋಡಬೇಕು. ನೀರಿನೊಳಗೆ ಕಾಲಿಡಲೇಬೇಕಾದಾಗ ಬಂಡೆಯ ನೆತ್ತಿಯ ಮೇಲೆ ಇಡದೆ, ಎರಡು ಬಂಡೆಗಳ ನಡುವಿನ ಜಲ್ಲಿ ಅಥವಾ ಮರಳಿನ ಮೇಲೆ ಇಡುವುದು ಲೇಸು. ಹೊಳೆಗೆ ಇಳಿಯದೆ ಒಣ ಬಂಡೆಗಳ ಮೇಲೆಯೇ ಜಿಗಿಯುತ್ತಾ ಹೋಗುವವರಿಗಿಂತ, ಕಾಲು ನೆನೆಯುವುದನ್ನು ಒಪ್ಪಿಕೊಂಡು ಹರಿವಿನ ಅಂಚಿನಲ್ಲಿ ಜಲ್ಲಿಯ ಮೇಲೆ ನಡೆಯುವವರು ಕಡಿಮೆ ಬೀಳುತ್ತಾರೆಂಬುದು ನಾನು ಕಂಡಂತೆ ನಿಜ.

ಗಾತ್ರವನ್ನು ನಂಬಬೇಡಿ. ಮಂಚದಷ್ಟು ದೊಡ್ಡ ಬಂಡೆಯೂ ಮೂರು ಸಣ್ಣ ಕಲ್ಲುಗಳ ಮೇಲೆ ಕೂತಿರಬಹುದು, ಒಂದು ಅಂಚಿಗೆ ಭಾರ ಬಿದ್ದ ಕೂಡಲೇ ತೂಗುತ್ತದೆ. ಹಾಗಾಗಿ ಹೆಜ್ಜೆ ಯಾವಾಗಲೂ ಬಂಡೆಯ ನಡುಭಾಗಕ್ಕೆ ಬೀಳಲಿ. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಒಣ ಸಂದುಗಳು ತರಗೆಲೆಯಿಂದ ಮುಚ್ಚಿರುತ್ತವೆ, ಕೆಳಗೆ ತೊಡೆಯುದ್ದದ ಗುಂಡಿಯೇ ಇರಬಹುದು, ಹಾವೂ ಇರಬಹುದು. ಊರುಗೋಲಿನಿಂದ ಚುಚ್ಚಿ ನೋಡದೆ ಕಾಲಿಡಬಾರದು, ಕಾಣದ ಕಡೆ ಕೈಯಿಟ್ಟು ಹತ್ತಬಾರದು. ಜಿಗಿತ ಬೇಡವೇ ಬೇಡ. ಒಂದು ಕಾಲು ಊರಿದ ಮೇಲೆ ಮಾತ್ರ ಇನ್ನೊಂದು ಕಾಲು ಎದ್ದರೆ, ಜಾರಿದರೂ ಕೂತಲ್ಲೇ ಕೂರುತ್ತೀರಿ. ಗಾಳಿಯಲ್ಲಿದ್ದಾಗ ತಪ್ಪಿದರೆ ಬಂಡೆಯ ಅಂಚಿಗೆ ಮುಂಗಾಲು ಬಡಿಯುತ್ತದೆ. ರಸ್ತೆಯಿಂದ ನಾಲ್ಕು ಗಂಟೆ ದೂರದಲ್ಲಿ ಮುರಿದ ಕಾಲೆಂದರೆ ಜೊತೆಗಾರರಿಗೆಲ್ಲ ಒಂದು ಇಡೀ ರಾತ್ರಿಯ ಪಾಡು.

ಹೊಳೆ ದಾಟುವುದು

ಹರಿಯುವ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ವೇಗ ಎರಡರಷ್ಟಾದರೆ ಕಾಲಿನ ಮೇಲಿನ ಒತ್ತಡ ನಾಲ್ಕರಷ್ಟು. ಕಲ್ಲುಗಳ ವಿಷಯದಲ್ಲಿ ಇನ್ನೂ ಬೆರಗಿನ ಲೆಕ್ಕವಿದೆ: ವೇಗ ಎರಡು ಪಟ್ಟಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಹೆಚ್ಚುತ್ತದೆ. ಹೊಳೆಯ ನಡುವೆ ಕೂತಿರುವ ಮನೆಯಷ್ಟೆತ್ತರದ ಬಂಡೆಗಳು ಅಲ್ಲಿಗೆ ಹೇಗೆ ಬಂದವು ಎಂದು ಸೋಜಿಗಪಡುವವರಿಗೆ ಅರ್ಧ ಉತ್ತರ ಇದರಲ್ಲೇ ಇದೆ.

ದಾಟುವ ಜಾಗವನ್ನು ಹುಡುಕುವಾಗ ಕಿರಿದಾದ ಕಡೆಗೆ ಮನಸ್ಸು ಎಳೆಯುತ್ತದೆ, ನಾಲ್ಕೇ ಹೆಜ್ಜೆಯಲ್ಲಿ ಆಚೆ ದಡ ಎನಿಸುತ್ತದೆ. ಆದರೆ ಅಷ್ಟೇ ನೀರು ಕಿರಿದಾದ ಜಾಗದಲ್ಲಿ ನುಗ್ಗಬೇಕಾದರೆ ಅದು ಆಳವೂ ವೇಗವೂ ಆಗಿರಲೇಬೇಕು. ಹೊಳೆ ಅಗಲವಾಗಿ ಹರಡಿ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಅಲೆಗಳೆದ್ದು, ತಳದ ಜಲ್ಲಿ ಕಾಣಿಸುವ ಜಾಗವೇ ಸರಿಯಾದದ್ದು. ಆಮೇಲೆ ಕೆಳಗಡೆ ನೋಡಿ: ಅಲ್ಲಿ ಬಿದ್ದರೆ ನೀರು ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಕೆಳಗೆ ಅಡ್ಡಬಿದ್ದ ಮರವಿದ್ದರೆ, ಕೊಂಬೆಗಳ ನಡುವೆ ನೀರು ಜರಡಿಯಂತೆ ಸೋಸಿಹೋಗುತ್ತಿದ್ದರೆ ಅಲ್ಲಿ ದಾಟಕೂಡದು. ನೀರು ಸೋಸಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಒಂದು ಒಣ ಕಡ್ಡಿಯನ್ನು ಹರಿವಿಗೆ ಎಸೆದು ಅದರ ಪಕ್ಕದಲ್ಲಿ ದಂಡೆಯ ಮೇಲೆ ನಡೆಯಿರಿ. ಕಡ್ಡಿ ನಿಮ್ಮನ್ನು ಹಿಂದೆ ಹಾಕಿದರೆ, ಮತ್ತು ನೀರು ಮೊಣಕಾಲಿಗಿಂತ ಮೇಲಿದ್ದರೆ, ಅಲ್ಲಿ ದಾಟುವುದಿಲ್ಲ ಎಂದು ತೀರ್ಮಾನಿಸಿ. ನೀರಿನ ತಳದಿಂದ ಕಲ್ಲುಗಳು ಉರುಳಿ ಬಡಿದುಕೊಳ್ಳುವ ಗುಡುಗುಡು ಸದ್ದು ಬರುತ್ತಿದ್ದರಂತೂ ಆಳ ನೋಡುವ ಅಗತ್ಯವೂ ಇಲ್ಲ.

ಇಳಿಯುವ ಮುಂಚೆ ಬೆನ್ನುಚೀಲದ ಸೊಂಟದ ಮತ್ತು ಎದೆಯ ಪಟ್ಟಿಗಳನ್ನು ಬಿಚ್ಚಿ, ಊರುಗೋಲಿನ ಕುಣಿಕೆಯಿಂದ ಮಣಿಕಟ್ಟನ್ನು ಹೊರತೆಗೆಯಿರಿ. ಈ ಎರಡನೆಯದನ್ನು ನಾನು ಕಲಿತದ್ದು ಹೆಬ್ಬೆರಳು ಉಳುಕಿಸಿಕೊಂಡು: ಊರುಗೋಲು ಬಂಡೆಗಳ ಸಂದಿನಲ್ಲಿ ಕಚ್ಚಿಕೊಂಡಿತು, ನೀರು ನನ್ನನ್ನು ಎಳೆಯಿತು, ಕುಣಿಕೆ ಕೈಯನ್ನು ಬಿಡಲಿಲ್ಲ. ಮುಖವನ್ನು ನೀರು ಬರುವ ಕಡೆಗೆ ಮಾಡಿ, ಊರುಗೋಲನ್ನು ಮುಂದೆ ಊರಿ ಅದಕ್ಕೆ ಒರಗಿ ನಿಂತರೆ ಎರಡು ಕಾಲು ಮತ್ತು ಕೋಲು ಸೇರಿ ಮುಕ್ಕಾಲಿಯಾಗುತ್ತದೆ. ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಸುತ್ತಾ, ತುಸು ಕೆಳಮುಖವಾಗಿ ಓರೆಯಾಗಿ ದಾಟಬೇಕು. ಕಾಲನ್ನು ಎತ್ತಿಡದೆ ತಳಕ್ಕೆ ಸವರಿಕೊಂಡು ಸರಿಸಬೇಕು. ನೋಟ ಆಚೆ ದಡದ ಮೇಲಿರಲಿ, ಹರಿಯುವ ನೀರನ್ನೇ ನೋಡುತ್ತಿದ್ದರೆ ತಲೆ ತಿರುಗುತ್ತದೆ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ದಾಟುವುದು ಸುರಕ್ಷಿತವೆಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಬಿದ್ದಾಗ ಬಿಗಿಯಾದ ಹಗ್ಗ ಮನುಷ್ಯನನ್ನು ನೀರಿನಡಿಗೆ ಒತ್ತಿ ಹಿಡಿಯುತ್ತದೆ. ಕೊಚ್ಚಿಕೊಂಡು ಹೋದರೆ ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ಕೈಗಳಿಂದ ದಡದ ಕಡೆಗೆ ಈಜಿ. ವೇಗದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರೂ ಬೆನ್ನ ಮೇಲೆ ಹರಿದು ಮುಳುಗಿಸಬಲ್ಲದು.

ನೀರು ಏರುವ ಸೂಚನೆಗಳು

ಹಠಾತ್ ನೆರೆಗೆ ನಮ್ಮ ತಲೆಯ ಮೇಲೆಯೇ ಮಳೆ ಬೀಳಬೇಕೆಂದಿಲ್ಲ. ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಒಂದು ಗಂಟೆಯ ನಂತರ ಬಿಸಿಲಿನಲ್ಲಿ ಕೂತವರನ್ನು ತಲುಪಬಹುದು. ಹಿಂದೆ ಹೆಸರಿಸಿದ ಹನಕಪಿಯಾಯಿ ಹೊಳೆ 2014ರ ಏಪ್ರಿಲ್‌ನಲ್ಲಿ ಉಕ್ಕಿದಾಗ ನೂರಕ್ಕೂ ಹೆಚ್ಚು ಚಾರಣಿಗರು ಆಚೆ ದಡದಲ್ಲೇ ಉಳಿದು, ಅವರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಕಾಯ್ದು ಕೂತದ್ದರಿಂದಲೇ ಅವರು ಸುಖವಾಗಿ ಮನೆ ಸೇರಿದರು ಎಂಬುದನ್ನೂ ಗಮನಿಸಬೇಕು.

ನಾನು ಎಲ್ಲಿ ಕೂತರೂ ಮೊದಲು ಮಾಡುವ ಕೆಲಸವೊಂದಿದೆ. ನೀರಿನ ಅಂಚಿಗೆ ಸರಿಯಾಗಿ, ಅದು ಮುಟ್ಟಿಯೂ ಮುಟ್ಟದ ಹಾಗೆ, ಮುಷ್ಟಿಗಾತ್ರದ ಒಂದು ಬಿಳಿ ಕಲ್ಲನ್ನು ಇಡುತ್ತೇನೆ. ಬುತ್ತಿ ಬಿಚ್ಚುವಾಗ ಒಮ್ಮೆ, ಮುಗಿಸಿದಾಗ ಒಮ್ಮೆ ಅದನ್ನು ನೋಡುತ್ತೇನೆ. ಕಲ್ಲಿನ ಬುಡ ನೆನೆದಿದ್ದರೆ ಮಾತಿಲ್ಲದೆ ಎದ್ದು ಹೊರಡುವುದು. ಕಣ್ಣಳತೆಗೆ ಎರಡು ಬೆರಳಿನ ಏರಿಕೆ ಎಂದೂ ತಿಳಿಯುವುದಿಲ್ಲ, ಕಲ್ಲಿಗೆ ತಿಳಿಯುತ್ತದೆ. ಇನ್ನುಳಿದ ಸೂಚನೆಗಳೂ ಇವೆ: ತಿಳಿನೀರು ಚಹಾದ ಬಣ್ಣಕ್ಕೆ ತಿರುಗುವುದು, ಹಸಿ ಎಲೆ ಮತ್ತು ಕಡ್ಡಿಗಳು ಗುಂಪಾಗಿ ತೇಲಿಬರುವುದು, ಹಸಿ ಮಣ್ಣಿನ ವಾಸನೆ, ಹೊಳೆಯ ಸದ್ದು ದಪ್ಪವಾಗುವುದು. ಹರಿವು ಇದ್ದಕ್ಕಿದ್ದಂತೆ ಕಡಿಮೆಯಾದರೂ ಹಿಗ್ಗಬಾರದು, ಮೇಲೆ ಮರಮಟ್ಟು ಅಡ್ಡಗಟ್ಟಿರಬಹುದು. ಇವುಗಳಲ್ಲಿ ಯಾವುದೇ ಕಂಡರೂ ಕೆಳಗೆ ಓಡದೆ ಪಕ್ಕಕ್ಕೆ, ಮೇಲಕ್ಕೆ ಹೋಗಬೇಕು. ನೆರೆಯ ವೇಗದಲ್ಲಿ ಬಂಡೆಗಳ ಮೇಲೆ ಓಡುವುದು ಯಾರಿಗೂ ಸಾಧ್ಯವಿಲ್ಲ, ಆದರೆ ಇಳಿಜಾರಿನಲ್ಲಿ ಹತ್ತು ಮೀಟರ್ ಮೇಲೇರುವುದು ಸಾಧ್ಯ. ಎಷ್ಟು ಮೇಲೆ ಎಂಬುದನ್ನು ಹೊಳೆಯೇ ಬರೆದಿಟ್ಟಿರುತ್ತದೆ: ದಂಡೆಯ ಮರಗಳ ಕವಲುಗಳಲ್ಲಿ ಸಿಕ್ಕಿಕೊಂಡ ಒಣ ಹುಲ್ಲು, ಕಸಕಡ್ಡಿಯ ಗೆರೆ ಹಿಂದಿನ ನೆರೆಯ ಮಟ್ಟ. ಅದಕ್ಕಿಂತ ಮೇಲೆ ಕೂತು ಕಾಯಿರಿ. ಸಣ್ಣ ಜಲಾನಯನದ ಹೊಳೆ ಏರಿದಷ್ಟೇ ಬೇಗ ಅಲ್ಲದಿದ್ದರೂ, ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಜಲಪಾತದ ಬುಡದಲ್ಲಿ

ತಲುಪಿದ ಸಂತೋಷದಲ್ಲಿ ಎಲ್ಲರೂ ನೇರವಾಗಿ ನೀರು ಬೀಳುವ ಕೆಳಗೇ ಹೋಗಿ ನಿಲ್ಲುತ್ತಾರೆ. ಮೇಲಿನಿಂದ ಬೀಳುವುದು ನೀರು ಮಾತ್ರವಲ್ಲ. ಹವಾಯಿಯ ಒವಾಹು ದ್ವೀಪದ ಸೇಕ್ರೆಡ್ ಫಾಲ್ಸ್‌ನಲ್ಲಿ 1999ರ ಮೇ 9ರಂದು ಕಮರಿಯ ಗೋಡೆಯಿಂದ ಕಳಚಿದ ಬಂಡೆಗಳು ಬುಡದಲ್ಲಿದ್ದ ಜನರ ಮೇಲೆ ಬಿದ್ದು ಎಂಟು ಮಂದಿ ಸತ್ತರು. ಅಂದಿನಿಂದ ಆ ಜಾಗಕ್ಕೆ ಸಾರ್ವಜನಿಕ ಪ್ರವೇಶವಿಲ್ಲ. ಕಡಿದಾದ ಗೋಡೆಯ ಬುಡದಲ್ಲಿ ಅಂಚು ಚೂಪಾದ, ಪಾಚಿ ಹಿಡಿಯದ ಹೊಸ ಕಲ್ಲಿನ ಚೂರುಗಳು ಬಿದ್ದಿದ್ದರೆ ಅಲ್ಲಿ ಬುತ್ತಿ ಬಿಚ್ಚುವುದು ಬೇಡ. ಮಡುವಿನ ನಡುವೆ ನೀರು ಬೀಳುವ ಕಡೆ ನೊರೆಯಾಗಿ ಬೆಳ್ಳಗಿರುತ್ತದೆ, ಅಂದರೆ ಅದರಲ್ಲಿ ಗಾಳಿ ತುಂಬಿದೆ. ಆ ನೀರು ಹಗುರ, ಈಜುವವನನ್ನು ಸಾಮಾನ್ಯ ನೀರಿನಷ್ಟು ತೇಲಿಸುವುದಿಲ್ಲ, ಜೊತೆಗೆ ಕೆಳಮುಖದ ಸುಳಿಯೂ ಇರುತ್ತದೆ. ಈಜು ಬಲ್ಲವರೂ ಮಡುವಿನ ಹೊರ ಅಂಚಿನಲ್ಲೇ ಉಳಿಯಬೇಕು. ಮೇಲಿನ ಬಂಡೆಯಿಂದ ಹಾರುವುದರ ಬಗ್ಗೆ ಹೇಳುವುದೇನಿಲ್ಲ. ನೀರಿನಡಿಯಲ್ಲಿ ಈ ಮಳೆಗಾಲ ಯಾವ ಬಂಡೆಯನ್ನು ತಂದಿಟ್ಟಿದೆ ಎಂಬುದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಜಲಪಾತದ ನೆತ್ತಿಗೆ ಹತ್ತುವ ಹುಚ್ಚೂ ಬೇಡ.

ಹಿಂದಿರುಗುವ ದಾರಿ

ಹೊಳೆಯಲ್ಲಿ ಮೇಲಕ್ಕೆ ಹೋಗುವಾಗ ಪ್ರತಿ ಕೂಡುಸ್ಥಳದಲ್ಲೂ ಎರಡು ತೊರೆಗಳಲ್ಲಿ ಯಾವುದು ನಮ್ಮದು ಎಂದು ಆರಿಸಬೇಕು. ಕೆಳಗೆ ಬರುವಾಗ ತೊರೆಗಳೆಲ್ಲ ತಾವಾಗಿಯೇ ಒಂದಾಗುವುದರಿಂದ ಆ ಕಷ್ಟವಿಲ್ಲ, ದಾರಿ ತಪ್ಪುವುದು ಅಸಾಧ್ಯವೆಂದೇ ಅನಿಸುತ್ತದೆ. ತಪ್ಪುವುದು ಒಂದೇ ಕಡೆ: ಕಾಲುದಾರಿ ಹೊಳೆಯನ್ನು ಬಿಟ್ಟು ಕಾಡಿಗೆ ಏರುವ ಜಾಗದಲ್ಲಿ. ಬೆಳಿಗ್ಗೆ ಕಾಡಿನಿಂದ ಹೊಳೆಗೆ ಇಳಿದಾಗ ಎದುರಿಗೆ ಬಯಲಾಗಿ ಹೊಳೆಯೇ ಕಾಣುತ್ತಿತ್ತು, ಬೆನ್ನ ಹಿಂದಿನ ಪೊದೆಗಳ ಕಿಂಡಿಯನ್ನು ಯಾರೂ ನೋಡಿರುವುದಿಲ್ಲ. ನಾನೊಮ್ಮೆ ಈ ಕಿಂಡಿಯನ್ನು ದಾಟಿ ಮುಕ್ಕಾಲು ಗಂಟೆ ಕೆಳಗೆ ನಡೆದುಬಿಟ್ಟಿದ್ದೆ. ಬೆಳಿಗ್ಗೆ ಕಂಡಿರದ ಒಂದು ಸಣ್ಣ ಅಬ್ಬಿ ಎದುರಾದಾಗಲೇ ತಪ್ಪಿನ ಅರಿವಾದದ್ದು, ಮತ್ತೆ ಮೇಲೆ ಬರುವಷ್ಟರಲ್ಲಿ ಟಾರ್ಚು ಹೊತ್ತಿಸಬೇಕಾಯಿತು. ಅಂದಿನಿಂದ ಹೊಳೆಗೆ ಇಳಿದ ಕೂಡಲೇ ಇಪ್ಪತ್ತು ಹೆಜ್ಜೆ ಮೇಲಕ್ಕೆ ಹೋಗಿ, ತಿರುಗಿ ನಿಂತು, ಬರುವಾಗ ಆ ಜಾಗ ಹೇಗೆ ಕಾಣುತ್ತದೆ ಎಂದು ನೋಡಿ ಒಂದು ಫೋಟೊ ತೆಗೆದುಕೊಳ್ಳುತ್ತೇನೆ. ಟಿಪ್ಪಣಿ ಬರೆಯುವಾಗ ಎಡ, ಬಲ ಎನ್ನುವ ಬದಲು ನಾಲೆಗಳ ಹೆಸರಿನಲ್ಲಿರುವಂತೆ ಎಡದಂಡೆ, ಬಲದಂಡೆ ಎಂದೇ ಬರೆಯಿರಿ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದಾಗಿನ ಎಡಬಲಗಳು ಅವು, ಹೋಗುವಾಗಲೂ ಬರುವಾಗಲೂ ಬದಲಾಗುವುದಿಲ್ಲ.

ಮನೆಗೆ ಬಂದ ಮೇಲೆ ಎರಡು ಕೆಲಸಗಳಿವೆ. ಶೂಗಳ ಮಣ್ಣನ್ನು ಪೂರ್ತಿ ತೊಳೆದು ಬಿಸಿಲಿಗೆ ಒಣಗಿಸಿ; ಉಷ್ಣವಲಯದ ತೊರೆಗಳ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಮಣ್ಣಿನೊಡನೆ ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗಬಲ್ಲದು, ಒಣಗಿದರೆ ಸಾಯುತ್ತದೆ. ಇನ್ನೊಂದು, ಚಾರಣದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಬೋರ್ನಿಯೋದ ಸಬಾ ಪ್ರಾಂತದಲ್ಲಿ 2000ನೇ ಇಸವಿಯಲ್ಲಿ ನಡೆದ ಇಕೋ ಚಾಲೆಂಜ್ ಸಾಹಸ ಸ್ಪರ್ಧೆಯ ನಂತರ ವಿಚಾರಿಸಲಾದ 189 ಸ್ಪರ್ಧಿಗಳಲ್ಲಿ 80 ಮಂದಿಯಲ್ಲಿ ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿ ಜ್ವರದ ಲಕ್ಷಣಗಳು ಕಂಡುಬಂದಿದ್ದವು, ಸೆಗಾಮಾ ನದಿಯಲ್ಲಿ ಈಜಿದವರಿಗೆ ಅಪಾಯ ಹೆಚ್ಚಾಗಿತ್ತು. ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರುವ ಈ ರೋಗಾಣು ಚರ್ಮದ ತರಚುಗಾಯಗಳ ಮೂಲಕ ಒಳಹೋಗುತ್ತದೆ, ಮತ್ತು ಹೊಳೆಯಲ್ಲಿ ನಡೆದವರ ಕಾಲಿನಲ್ಲಿ ತರಚುಗಾಯಕ್ಕೆ ಬರವಿಲ್ಲ. ಜ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವೊಮ್ಮೆ ತಿಂಗಳಷ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಚಾರಣ ಮರೆತೇ ಹೋಗಿರುತ್ತದೆ. ಆ ಅವಧಿಯಲ್ಲಿ ಜ್ವರ, ತಲೆನೋವು, ಮೀನಖಂಡದ ಸೆಳೆತ ಕಂಡರೆ ವೈದ್ಯರು ಕೇಳುವ ಮೊದಲೇ ಯಾವ ದಿನ, ಎಷ್ಟು ಹೊತ್ತು ಹೊಳೆಯ ನೀರಿನಲ್ಲಿದ್ದಿರಿ ಎಂಬುದನ್ನು ಅವರಿಗೆ ತಿಳಿಸಿ.